ಒಂಬತ್ತನೇ ಸಂಪುಟದ ಕೊನೆಯ ಅನುಮಾನ

ಇಡೀ ದೇಶದ ವಿಶ್ವಕೋಶವನ್ನೇ ತಡೆದು ನಿಲ್ಲಿಸಿದ ಗಂಡು ನಾನು. ನಗಬೇಡಿ. ಸರ್ಕಾರಗಳು ಉರುಳಿದಾಗಲೂ ನಿಲ್ಲದ ಕೆಲಸ, ಯುದ್ಧಕಾಲದಲ್ಲಿ ಕಾಗದ ಸಿಗದಿದ್ದಾಗಲೂ ನಿಲ್ಲದ ಕೆಲಸ, ನನ್ನ ಒಂದು ಹಳದಿ ಚೀಟಿಗೆ ಗಪ್‌ಚುಪ್ ನಿಂತುಬಿಟ್ಟಿತು. ಎಂಟ್ರಿ ಅಂದರೆ ಹಾಗಿರಬೇಕು!

ಕಾರಣ? ಹುಡುಗಿ. ಇನ್ನೇನು.

ಸಂಸ್ಥೆಯ ಚರಿತ್ರೆ ಸ್ವಲ್ಪ ಕೇಳಿ, ಆಗಲೇ ನನ್ನ ಸಾಹಸ ಅರ್ಥವಾಗುವುದು. ತಾತಂದಿರ ಕಾಲದಲ್ಲಿ ಮೊದಲ ಸಂಪುಟ ಹೊರಬಂದಾಗ, ಬದುಕಿದ್ದ ಒಬ್ಬ ಖಗೋಳ ವಿಜ್ಞಾನಿಯ ಹೆಸರಿನ ಮುಂದೆ ಮರಣದ ವರ್ಷವನ್ನೂ ಅಚ್ಚು ಹಾಕಿದ್ದರು. ಮರುವಾರ ಆ ಮನುಷ್ಯನೇ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು, "ಸತ್ತವನಿಗೆ ಒಂದು ಟೀ ಸಿಗತ್ತೇನ್ರಪ್ಪಾ?" ಅಂದರಂತೆ. ಅವತ್ತಿನಿಂದ ನಿಯಮ: ಯಾವ ಪುಟದ ಮೇಲೆ ಯಾರಿಗೆ ಏನೇ ಅನುಮಾನ ಬಂದರೂ ಹಳದಿ ಚೀಟಿ ಅಂಟಿಸಬೇಕು. ಪರಿಶೀಲಕರು ಉತ್ತರ ಹುಡುಕಿ ಅದನ್ನು ಕೀಳುವ ತನಕ ಸಂಪುಟ ಪ್ರೆಸ್ಸಿಗೆ ಹೋಗುವಂತಿಲ್ಲ.

ಒಂಬತ್ತನೇ ಸಂಪುಟದ ಪರಿಶೀಲಕಿ ಅವಳು. ನಾನು ಪ್ರೂಫ್ ರೀಡರ್. ಪ್ರಧಾನ ಸಂಪಾದಕರು ನನ್ನ ಸೋದರಮಾವ ಅನ್ನುವುದೊಂದೇ ನನ್ನ ಅರ್ಹತೆ.

ಮೊದಲ ಚೀಟಿ ಪ್ರಾಮಾಣಿಕವಾಗಿಯೇ ಅಂಟಿಸಿದ್ದೆ. ಅವಳು ನನ್ನ ಮೇಜಿಗೆ ಬಂದಳು. ಕೂದಲಲ್ಲಿ ಪೆನ್ಸಿಲ್, ಹಣೆಯ ಮೇಲೆ ಕನ್ನಡಕ.

"ಈ ಸರೋವರ ಇಷ್ಟು ಆಳ ಇರಲ್ಲ ಅಂತ ನಿಮಗೆ ಹೇಗನ್ನಿಸ್ತು?"

"ಕೆಲವು ಆಳ ನೋಡಿದ ತಕ್ಷಣ ಗೊತ್ತಾಗ್ಬಿಡತ್ತೆ ಮೇಡಂ," ಅಂದೆ, ಅವಳ ಕಣ್ಣನ್ನೇ ನೋಡುತ್ತಾ.

"ಹೀರೋ, ಡೈಲಾಗ್ ಸಾಕು. ಏಣಿ ಹಿಡ್ಕೊಳ್ಳಿ, ಪುಸ್ತಕ ಮೇಲಿದೆ."

ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ನಾನು ಅಲ್ಲೇ ಖಲಾಸ್.

ಆಮೇಲೆ ಗೊತ್ತಾಯಿತು. ಈ ಸಂಪುಟ ಪ್ರೆಸ್ಸಿಗೆ ಹೋದರೆ ಅವಳು ದೂರದ ಬಂದರಿನ ಊರಿನಲ್ಲಿರುವ ಭೂಪಟ ಶಾಖೆಗೆ ಹೋಗುತ್ತಾಳೆ. ಸರಿ, ಸಂಪುಟ ಹೋಗಬಾರದು, ಅಷ್ಟೇ ತಾನೆ? ಆಮೆಯ ಆಯಸ್ಸಿಗೆ ಚೀಟಿ, ಒಂಟೆಯ ಹಲ್ಲಿಗೆ ಚೀಟಿ. ಒಂದೊಂದಕ್ಕೂ ಇಬ್ಬರೂ ಕಪಾಟುಗಳ ಸಂದಿಯಲ್ಲಿ ಪುಸ್ತಕ ಹುಡುಕುತ್ತಾ, ಧೂಳಿಗೆ ಸೀನುತ್ತಾ ನಿಲ್ಲುತ್ತಿದ್ದೆವು.

"ಈ ರಾಜನಿಗೆ ಮೀಸೆ ಇತ್ತೋ ಇಲ್ವೋ, ನಿಮಗ್ಯಾಕೆ?"

"ಚಿತ್ರದಲ್ಲಿದೆ, ಬರಹದಲ್ಲಿಲ್ಲ. ದೇಶಕ್ಕೆ ಸತ್ಯ ಗೊತ್ತಾಗ್ಬೇಕಲ್ವಾ?"

"ಹೌದೌದು, ದೇಶ ಊಟ ಬಿಟ್ಟು ಕಾಯ್ತಾ ಕೂತಿದೆ ಪಾಪ."

ಆ ಮೀಸೆಗೆ ಒಂದು ವಾರ ಹಿಡಿಯಿತು. ನನ್ನ ಜೀವನದ ವಾರ ಅದು.

ಮಾವ ಕರೆಸಿದರು. "ನಿಮ್ಮಮ್ಮನ ಮುಖ ನೋಡಿ ಕೆಲಸ ಕೊಟ್ಟೆ ಕಣೋ. ರಿಟೈರ್ ಆಗೋದ್ರೊಳಗೆ ಈ ಸಂಪುಟ ನೋಡ್ತೀನೋ ಇಲ್ವೋ?"

"ಅನುಮಾನ ಬಂದ್ರೆ ಏನ್ಮಾಡ್ಲಿ ಮಾವಾ?"

"ಆಫೀಸಲ್ಲಿ ಸರ್ ಅನ್ನು!"

ಕೊನೆಗೆ ಕ್ಲೈಮ್ಯಾಕ್ಸ್. ಅವಳು ಕೊನೆಯ ಪುಟ ಹಿಡಿದು ಬಂದಳು. ನಾನು ಎದ್ದು ನಿಂತೆ. ಫ್ಯಾನ್ ಗಾಳಿಗೆ ನನ್ನ ಕೂದಲು ಹಾರಿತು. "ನೀನು ಹೋದ್ರೆ ಈ ಕೋಶದಲ್ಲಿ ಪದಗಳಿರ್ತವೆ, ಅರ್ಥ ಇರಲ್ಲ!" ಅಂದೆ. ಅವಳು ಅತ್ತಳು, ನನ್ನ ಎದೆಗೊರಗಿದಳು. ಮಾವ ಚಪ್ಪಾಳೆ ತಟ್ಟಿ, ವರ್ಗಾವಣೆ ರದ್ದು ಮಾಡಿದರು.

ಹೀಗಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಆಗಿದ್ದು ಬೇರೆ.

ಅವಳು ಪುಟವನ್ನು ನನ್ನ ಮೇಜಿನ ಮೇಲಿಟ್ಟಳು. ಹಳದಿ ಚೀಟಿಗಳ ಕಟ್ಟನ್ನು ತಾನೇ ನನ್ನ ಕೈ ಹತ್ತಿರಕ್ಕೆ ಸರಿಸಿದಳು.

"ಕೊನೇ ಪುಟ. ಏನಾದ್ರೂ ಅನುಮಾನ ಇದೆಯಾ?"

ಈ ಸಲ ಅವಳು "ಹೀರೋ" ಅನ್ನಲಿಲ್ಲ. ನಗಲಿಲ್ಲ. ಕನ್ನಡಿಯ ಮುಂದೆ ಉರು ಹೊಡೆದ ಅಷ್ಟೂ ಡೈಲಾಗು ಆ ಕನ್ನಡಿಯಲ್ಲೇ ಉಳಿದುಬಿಟ್ಟಿತು. ಬಾಯಿ ತೆರೆದರೆ ಬಂದದ್ದು, "ಇಲ್ಲ."

"ಸರಿಯಾಗಿ ನೋಡಿ ಹೇಳಿ."

"ಇಲ್ಲ ಮೇಡಂ. ಎಲ್ಲಾ ಸರಿಯಾಗಿದೆ."

ಅವಳು ಚೀಟಿಗಳ ಕಟ್ಟನ್ನು ಮತ್ತೆ ಮೊದಲಿದ್ದ ಕಡೆಗೇ ಸರಿಸಿಟ್ಟಳು. ಆಮೇಲೆ ಪುಟ ಎತ್ತಿಕೊಂಡಳು. ಬಾಗಿಲಲ್ಲಿ ತಿರುಗಿ, "ಆ ರಾಜನ ಮೀಸೆಗೆ ಉತ್ತರ ನನಗೆ ಮೊದಲನೇ ದಿನಾನೇ ಸಿಕ್ಕಿತ್ತು," ಅಂದಳು.

ನಾನು ಕುರ್ಚಿಯಿಂದ ಏಳಲೇ ಇಲ್ಲ. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೆಳಗಿಳಿಯುತ್ತಾ ಹೋಯಿತು.

ಒಂಬತ್ತನೇ ಸಂಪುಟ ಈಗ ಎಲ್ಲ ಲೈಬ್ರರಿಯಲ್ಲೂ ಇದೆ. ಬೇಕಾದರೆ ನೋಡಿ. ಕೊನೆಯ ಪುಟದಲ್ಲಿ ಒಂದೇ ಒಂದು ತಪ್ಪಿಲ್ಲ.