ಸುನಂದ ಸಾರಿಸಿದ ಗುಂಡಿ

"ಯಾರ್ರೀ ಇಲ್ಲಿ ಸಗಣಿ ಸಾರಿಸಿದ್ದು?"

ಮುರಳಿಮೋಹನನ ಕೂಗಿಗೆ ಹಿಪ್ಪುನೇರಳೆ ತೋಟದ ಬೆಳ್ಳಕ್ಕಿಗಳೆಲ್ಲ ಹಾರಿದವು. ಹುತ್ತೂರಿನ ಪಕ್ಕದ ಹಾಳೂರ ದಿಬ್ಬದಲ್ಲಿ, ಸುನಂದಳ ಹೊಲದಲ್ಲೇ, ಅವನು ಆಳುದ್ದದ ಚೌಕ ಗುಂಡಿ ತೋಡಿಸಿದ್ದ. ಪುರಾತತ್ವದವನು, ಹಳೇ ಕಾಲದ ಮಳೆ ಹೇಗಿತ್ತೆಂದು ಮಣ್ಣಿನಲ್ಲಿ ಹುಡುಕುವವನು. ಈಗ ಗುಂಡಿಯ ತಳವೆಲ್ಲ ಸಗಣಿ ಬಳಿದು ನುಣ್ಣಗಿತ್ತು. ನಡುವೆ ಕಮಲದ ರಂಗೋಲಿ ಬೇರೆ.

"ನಾನೇ. ಏನೀಗ?" ಸುನಂದ ಸೊಪ್ಪಿನ ಹೊರೆ ಕೆಳಗೆ ಒಗೆದಳು. "ದಿನಾ ಧೂಳು ಗುಡಿಸ್ತಾ ಕೆಮ್ತಿದ್ರಲ್ಲ, ಪಾಪ ಅಂತ ಬೆಳಿಗ್ಗೆನೇ ಎದ್ದು ಸಾರಿಸಿದೆ. ಥ್ಯಾಂಕ್ಸ್ ಹೇಳೋದು ಬಿಟ್ಟು ಬಾಯಿ ಮಾಡ್ತೀರಾ? ಹೊಲ ನಂದು ಕಣ್ರೀ!"

ಅವನು ರಂಗೋಲಿ ನೋಡಿದ. ಅವಳನ್ನು ನೋಡಿದ. ನಕ್ಕುಬಿಟ್ಟ.

"ಕಮಲ ಚೆನ್ನಾಗಿದೆ. ಎಂಟುನೂರು ವರ್ಷದ ಮಣ್ಣಿಗೆ ಮಾತ್ರ ಒಗ್ಗಲ್ಲ."

ನಲವತ್ತರ ಸುನಂದಳ ಬಾಯಿಗೆ ಹೆದರಿ, ಅವಳನ್ನು ನೋಡಲು ಬಂದ ಗಂಡುಗಳೆಲ್ಲ ಕಾಲುಕಿತ್ತಿದ್ದರು. ಅವಳ ಸಿಟ್ಟಿಗೆ ನಕ್ಕವನು ಇವನೊಬ್ಬನೇ. ಅವಳ ಕಿವಿ ಬಿಸಿಯಾಯಿತು.

ಆ ಸಗಣಿ ಕೆರೆಯಲು ಎರಡು ದಿನ ಹಿಡಿಯಿತು. ಎರಡು ದಿನವೂ ಅವಳೇ ಕರಣೆ ಹಿಡಿದು ಪಕ್ಕದಲ್ಲಿ ಕೂತಳು. ಮೂರನೇ ದಿನ ಹೋಗಲು ನೆಪ ಬೇಕಾಯಿತು, ಕಾಫಿ ಒಯ್ದಳು. ಆಮೇಲೆ ನೆಪ ಬೇಕಾಗಲಿಲ್ಲ.

ಒಂದು ಸಂಜೆ ಅವನು ಅವಳ ಅಂಗೈಗೆ ಎರಡು ಕರೀ ಕಾಳು ಹಾಕಿದ. ಬೆರಳು ಬೇಕಾದ್ದಕ್ಕಿಂತ ತುಸು ಹೆಚ್ಚೇ ಅಲ್ಲಿ ನಿಂತಿತು.

"ಸುಟ್ಟ ರಾಗಿ. ಕೆಳಗಿನ ಪದರ ನೋಡಿ, ಬರೀ ಭತ್ತ. ಅದ್ರ ಮೇಲೆ ಈ ಒಣ ಮರಳು, ಮಳೆ ಕೈಕೊಟ್ಟ ವರ್ಷಗಳು. ಆಮೇಲೆ ರಾಗಿ, ಹುರುಳಿ."

"ಅಂದ್ರೆ ಊರು ಬಿಡ್ಲಿಲ್ವಾ?"

"ಬಿಡ್ಲಿಲ್ಲ. ಬೆಳೆ ಬದಲಾಯ್ಸಿದ್ರು, ಕೆರೆ ಏರಿ ಎತ್ತರಿಸಿದ್ರು, ಇಲ್ಲೇ ಇದ್ರು."

ಆ ವಾರವೇ ಸುನಂದ ಬೋರ್‌ವೆಲ್ ಲಾರಿಯವನಿಗೆ ಫೋನ್ ಮಾಡಿ, ಎರಡು ಬತ್ತಿದ್ದರೂ ಮೂರನೇ ಬೋರು ಬೇಡವೆಂದಳು. ಅರ್ಧ ಎಕರೆಗೆ ರಾಗಿ ಚೆಲ್ಲಿದಳು. ತಾಯಿ ಮುನಿಗಂಗಮ್ಮ ಮಗಳ ಮುಖ ನೋಡಿ, "ರಾಗಿಗೇ ಇಷ್ಟು ನಗು ಏನೇ?" ಎಂದಳು.

ಗುಂಡಿ ಮುಚ್ಚುವ ದಿನ ಬಂತು. ಜೀಪು ಕೆರೆ ಏರಿಯ ಮೇಲೆ ನಿಂತಿತ್ತು. ಅವನು ಏನಾದರೂ ಹೇಳುತ್ತಾನೆಂದು ಅವಳು ಬೆಳಗಿನಿಂದ ಕಾದಳು. ಅವನು ಜೇಬು ತಡಕಾಡಿದ.

"ತಳದಲ್ಲಿ ಈ ಕಾಲದ ಒಂದು ನಾಣ್ಯ ಹಾಕಿ ಮುಚ್ಚೋದು ನಮ್ಮ ಪದ್ಧತಿ. ಮುಂದೆ ಅಗೆಯೋರಿಗೆ ಗೊತ್ತಾಗ್ಲಿ ಅಂತ. ಫೋನ್‌ಪೇ ಬಂದ್ಮೇಲೆ ಚಿಲ್ಲರೆನೇ ಇರಲ್ಲ ನೋಡಿ."

ಅವಳು ಹಸಿರು ಬಳೆಯೊಂದನ್ನು ಕಳಚಿ ಒಳಗೆಸೆದಳು.

"ಇದು ಸಿಕ್ಕಿದೋರು ಏನಂತ ಬರೀಬೇಕು?" ಎಂದ ಅವನು.

"ಇಲ್ಲೊಬ್ಳು ಬಾಯಿಬಡ್ಕಿ ಇದ್ಲು ಅಂತ. ಒಬ್ಬ ಬಂದು, ಹಳೇ ಕಾಲದೋರು ಊರು ಬಿಡ್ಲಿಲ್ಲ ಅಂತ ಭಾಷಣ ಹೊಡೆದು, ತಾನು ಮಾತ್ರ ಜೀಪು ಹತ್ತಿ ಹೋದ ಅಂತ. ನಾಚ್ಕೆ ಆಗಲ್ವೇನ್ರೀ?"

ಅವನು ಸಲಿಕೆ ಕೆಳಗಿಟ್ಟ. "ಮುಳಬಾಗಿಲಲ್ಲಿ ನಮ್ಮಮ್ಮಂಗೆ ಮೊನ್ನೇನೇ ಹೇಳಿದೀನಿ. ಭಾನುವಾರ ನಿಮ್ಮನೆಗೆ ಬರ್ತಾರೆ. ನಿಮ್ಮನ್ನ ಕೇಳೋಕೇ ಧೈರ್ಯ ಸಾಲ್ಲಿಲ್ಲ."

"ಮೊದ್ಲು ನನ್ನ ತಾನೆ ಕೇಳ್ಬೇಕು?"

"ಕೇಳ್ತಿದೀನಿ."

"ಹೂಂ," ಎಂದಳು, ಸಿಟ್ಟಿನಲ್ಲೇ.

ಇಬ್ಬರೂ ಮಣ್ಣು ತಳ್ಳಿದರು. ನೆಲ ಸಮವಾದ ಮೇಲೆ ಅವನೇ ಕೊಟ್ಟಿಗೆಯಿಂದ ಸಗಣಿ, ಒಂದು ಬಕೆಟ್ ನೀರು ತಂದ.

"ಈಗ ಸಾರಿಸು ಸುನಂದ."

ಮೊದಲ ಸಲ ಏಕವಚನ. ಅವಳು ಸೆರಗು ಸಿಕ್ಕಿಸಿಕೊಂಡು ಸಗಣಿಗೆ ಕೈಹಾಕಿದಳು. ಒಂದು ಚೂರು ಅವನ ಮೂಗಿಗೆ ಮೆತ್ತಿ ಕೇಳಿದಳು:

"ಕಮಲಕ್ಕೆ ಎಷ್ಟು ದಳ ಹಾಕ್ಲಿ, ಹೇಳು."