ಅಣ್ಣ ಮಲಗುವ ಕೋಣೆಯ ಕಿಟಕಿ

ಚಾದರದ ಮೇಲೆ ನೇಯುವ ದಾಳಿಂಬೆಯ ಆ ನಕ್ಷೆ ಅಂಬಾದಾಸನದು. ಬರೆದವನೂ ಅವನೇ, ಮಗ್ಗಕ್ಕೆ ನಕ್ಷೆ ಹೇಳುವ ರಟ್ಟಿನ ಪಟ್ಟಿಗಳನ್ನು ಹನ್ನೊಂದು ತಿಂಗಳು ಕೂತು ತಯಾರಿಸಿದವನೂ ಅವನೇ. ಆದರೆ ಸೊಲ್ಲಾಪುರದ ನೇಕಾರರ ಸಭೆಯಲ್ಲಿ ಅದಕ್ಕೆ ಶಾಲು ಹೊದಿಸಿದ್ದು, ಮನೆಯ ಹಿರಿಯನೆಂದು, ಅಣ್ಣ ರಾಜೇಶಂಗೆ.

"ಯಾರಿಗೆ ಹೊದಿಸಿದ್ರೇನೋ, ಮನೀಗೇ ಬಂತಲ್ಲ," ಎಂದು ಅಣ್ಣ ನಕ್ಕಿದ್ದ. ಆ ನಗುವನ್ನು ಅಂಬಾದಾಸ ಮರೆಯಲಿಲ್ಲ.

ರಟ್ಟುಗಳನ್ನು ತಂದುಕೊಟ್ಟರೆ ತನ್ನ ಕಾರ್ಖಾನೆಯಲ್ಲಿ ಮುಖ್ಯ ಮೇಸ್ತ್ರಿ ಮಾಡುತ್ತೇನೆಂದು ಅಕ್ಕಲಕೋಟೆ ರಸ್ತೆಯ ಮಾಲೀಕನೊಬ್ಬ ಹೇಳಿದ. ಅವು ಅಂಗಳದಾಚೆಯ ಷೆಡ್ಡಿನಲ್ಲಿದ್ದವು. ಬೀಗ ಮುರಿದು ಒಯ್ದರೆ ಹೊರಗಿನ ಕಳ್ಳರ ಕೆಲಸವೆನಿಸುತ್ತದೆ. ಮಂಗಳವಾರ ಹತ್ತಕ್ಕೆ ಅಣ್ಣನ ಹೆಂಡತಿ, ವೈನಿ ಬಾಲಮಣಿ, ತಾನು ಸುತ್ತಿದ ಬೀಡಿ ಕಟ್ಟು ಕೊಡಲು ಹೋಗುತ್ತಾಳೆ. ಓಣಿಯ ಮಗ್ಗಗಳ ಸದ್ದಿನಲ್ಲಿ ಸುತ್ತಿಗೆಯ ಏಟು ಯಾರಿಗೂ ಕೇಳಿಸದು. ತಾನಂತೂ ನೂಲಿಗೆ ಬಣ್ಣ ಹಾಕುವ ಭಟ್ಟಿಯಲ್ಲಿ ಕೆಲಸದಲ್ಲಿರುವವನು, ಕೇಳಿದರೆ ನಾಲ್ಕು ಜನ ಹೌದೆನ್ನುತ್ತಾರೆ. ನಡುವೆ ಅರ್ಧ ತಾಸು ಕಾಣದಿದ್ದರೆ ಚಹಾಕ್ಕೆ ಹೋದನೆಂದುಕೊಳ್ಳುತ್ತಾರೆ.

ಉಳಿದದ್ದು ಅಣ್ಣನ ಕಣ್ಣು. ಗಿರಣಿಯ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವವನು ಬೆಳಕಿಗೆ ನಿದ್ದೆ ಹತ್ತದೆ ಪದೇಪದೇ ಎದ್ದು ಕಿಟಕಿಗೆ ಬರುತ್ತಿದ್ದ. ಕಿಟಕಿಯ ಎದುರಿಗೇ ಷೆಡ್ಡಿನ ಬಾಗಿಲು.

ಅಂಬಾದಾಸ ಮೊದಲು ಗಾಜಿಗೆ ಪೇಪರ್ ಅಂಟಿಸಿದ. ಕೋಣೆ ಹಳದಿಯಾಯಿತೇ ಹೊರತು ಕತ್ತಲಾಗಲಿಲ್ಲ. ಎರಡು ಪದರ ಚಾದರ ಕಟ್ಟಿದ. ಗಾಳಿ ಬಂದಾಗಲೆಲ್ಲ ಅಂಚು ಎದ್ದು ಬೆಳಕು ನುಗ್ಗಿತು. ಭಾನುವಾರ ಚೌಕಟ್ಟಿನ ಅಳತೆಗೆ ಪ್ಲೈವುಡ್ ಕೊಯ್ದು ಕೂರಿಸಿ, ಸುತ್ತಲಿನ ಸಂದಿಗೆ ಚಿಂದಿ ತುರುಕಿದ. ಬಾಗಿಲು ಹಾಕಿ ಒಳಗೆ ಕೂತ. ತನ್ನ ಕೈ ತನಗೇ ಕಾಣಲಿಲ್ಲ.

"ಅಣ್ಣನ ಮ್ಯಾಲೆ ಇದೇನು ಹೊಸ ಪ್ರೀತಿ, ಮೈದುನಾ?" ಎಂದಳು ವೈನಿ. "ನನ್ನ ಅಡಗಿಮನಿ ಸೋರೋದು ಯಾವಾಗ ಕಾಣ್ತದ ನಿನಗ?"

ಸೋಮವಾರ ಅಣ್ಣ ಅವನ ಬೆನ್ನು ತಟ್ಟಿದ. "ಮೂರು ವರ್ಷದಾಗ ಇಂಥಾ ನಿದ್ದಿ ಕಂಡಿಲ್ಲೋ ತಮ್ಮಾ." ಬಿಟ್ಟುಬಿಡಲೇ ಎಂದು ಅಂಬಾದಾಸ ರಾತ್ರಿಯೆಲ್ಲ ಹೊರಳಾಡಿದ. ಬೆಳಗಾಗುವಾಗ ಮತ್ತೆ ಆ ಶಾಲು ನೆನಪಾಯಿತು.

ಮಂಗಳವಾರ ಎಲ್ಲವೂ ಎಣಿಸಿದಂತೆಯೇ ನಡೆಯಿತು. ರಟ್ಟಿನ ಗಂಟು ಬೆನ್ನೇರಿತು, ಹಿಂದಿನ ಓಣಿ ಸೇರಿತು. ಮಧ್ಯಾಹ್ನ ವೈನಿ ಮುರಿದ ಬೀಗ ಕಂಡು ಬಾಯಿ ಬಡಿದುಕೊಂಡಳು. ಅಣ್ಣ ಬೀಗವನ್ನು ತಿರುಗಿಸಿ ನೋಡಿ ಸುಮ್ಮನೆ ಕೆಳಗಿಟ್ಟ. ಆಘಾತಕ್ಕೆ ಮಾತು ನಿಂತಿದೆ ಎಂದುಕೊಂಡ ಅಂಬಾದಾಸ.

ಬುಧವಾರ ಹತ್ತು ಗಂಟೆಗೆ ಅಣ್ಣ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. "ಗ್ವಾಡಿ ನೋಡು," ಎಂದ. ಕಣ್ಣು ಕತ್ತಲಿಗೆ ಒಗ್ಗಿದಂತೆ ಸುಣ್ಣದ ಗೋಡೆಯ ಮೇಲೆ ಷೆಡ್ಡು ಮೂಡಿತು, ತಲೆಕೆಳಗಾಗಿ, ನೀಲಿ ಬಾಗಿಲ ಸಮೇತ. ವೈನಿ ಕಾಲು ಮೇಲಾಗಿ ಸೀರೆ ಒಣಹಾಕುತ್ತಿದ್ದಳು, ಸೀರೆಯ ಹಸಿರು ಕೂಡ ಕಾಣುತ್ತಿತ್ತು. "ನಿನ್ನೆ ಎಚ್ಚರಾದಾಗ ಇಲ್ಲೇ ನೀ ಹೊಂಟಿದ್ದಿ, ಬೆನ್ನಮ್ಯಾಗ ಗಂಟು," ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿದ್ರ ನಾನೇ ಕೊಡ್ತಿದ್ನಲ್ಲೋ." ಅಂಬಾದಾಸ ಕಿಟಕಿಯತ್ತ ತಿರುಗಿದ. ಅವನು ಒಳಗೆ ಕೂತು ನೋಡಿದ್ದು ಭಾನುವಾರ ಹೊತ್ತು ಮುಳುಗಿದ ಮೇಲೆ. ಈಗ ಷೆಡ್ಡಿನ ಮೇಲೆ ಬೆಳಗಿನ ಬಿಸಿಲು ಸುರಿಯುತ್ತಿತ್ತು, ಹಲಗೆಯ ನಟ್ಟನಡುವೆ, ಯಾವುದೋ ಹಳೇ ಮೊಳೆ ಕಿತ್ತ ತೂತಿನಲ್ಲಿ, ಅಂಗಳವನ್ನೆಲ್ಲ ಗೋಡೆಗೆ ತರುತ್ತಿದ್ದ ಜೋಳದ ಕಾಳಿನಷ್ಟು ಬೆಳಕು ಹೊಳೆಯುತ್ತಿತ್ತು.