ಕೋಳಿಕಾಲಿನ ಚೆಲುವೆ

ಬಹಳ ಹಿಂದೆ ಬೆಳ್ಳಿಹೊಳೆ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಮಹಾ ಸಂಕೋಚದವರು. ಯಾರಾದರೂ ಹೊಗಳಿದರೆ ತಮ್ಮಲ್ಲೊಂದು ಕುಂದು ಹೇಳಿಕೊಳ್ಳುವುದೇ ಅಲ್ಲಿ ಮರ್ಯಾದೆ. ಸೀರೆ ಚೆನ್ನಾಗಿದೆ ಎಂದರೆ ಸೆರಗು ಹರಿದಿದೆ ಎನ್ನಬೇಕು. ಸಾರು ರುಚಿ ಎಂದರೆ ಉಪ್ಪು ಕಡಿಮೆ ಎನ್ನಬೇಕು.

ಮರುಳಾಕ್ಷನೆಂಬ ಮಾಂತ್ರಿಕ ಅದೇ ಊರಿನವನು. ಅರಮನೆಯ ಮುಂದೆ ವೇದಿಕೆ ಕಟ್ಟಿಸಿ, ವರ್ಷಕ್ಕೊಮ್ಮೆ ಚೆಲುವೆಯರ ಸ್ಪರ್ಧೆ ಇಟ್ಟ. ಮೂರು ಸುತ್ತು. ಆ ವೇದಿಕೆ ಹತ್ತಿದವರು ತಮ್ಮ ಕುಂದು ತಾವೇ ಹೇಳಿದರೆ, ಒಂದಕ್ಕೆ ಕಾಲು ಕೋಳಿಯದಾಗುತ್ತಿತ್ತು, ಎರಡಕ್ಕೆ ಮೈ, ಮೂರಕ್ಕೆ ತಲೆ. ಬಾಯಿ ಬಿಗಿಹಿಡಿದರೆ ಹೋದದ್ದು ಸ್ವಲ್ಪ ಸ್ವಲ್ಪವಾಗಿ ಮರಳುತ್ತಿತ್ತು. ಮೂರೂ ಸುತ್ತು ದಾಟಿ ಮನುಷ್ಯಳಾಗಿಯೇ ಉಳಿದವಳಿಗೆ ಕಿರೀಟ, ಜೊತೆಗೆ ಕೋಳಿಗಳಿಗೆಲ್ಲ ಬಿಡುಗಡೆ. ನಿಯಮ ಎಲ್ಲರಿಗೂ ಗೊತ್ತು. ಆದರೂ ಹೊಗಳಿದ ಕೂಡಲೇ ಬಾಯಿ ಜಾರುತ್ತಿತ್ತು. ಮೂರೇ ವರ್ಷದಲ್ಲಿ ಮಾಂತ್ರಿಕನ ಕೋಳಿಗೂಡು ತುಂಬಿತು. ಅದರಲ್ಲಿ ರಾಣಿಯೂ ಇದ್ದಳು. ಗಾಣದ ಮನೆಯ ಪುಟ್ಟಾಜಿಯೂ ಇದ್ದಳು.

ನಾಲ್ಕನೆಯ ಸ್ಪರ್ಧೆ ಮುಗಿದೊಡನೆ ಗೂಡು ಹೊತ್ತು ಸಮುದ್ರದಾಚೆ ಹೋಗುವೆನೆಂದು ಮಾಂತ್ರಿಕ ಡಂಗುರ ಹೊಡೆಸಿದ. ಪುಟ್ಟಾಜಿಯ ತಂಗಿ ಚೆನ್ನಾಜಿ ಹೆಸರು ಕೊಟ್ಟಳು. ಕನ್ನಡಿ ಕಂಡರೆ ಮುಖ ತಿರುಗಿಸುವ ಹುಡುಗಿ. ಅಪ್ಪ ಬೇಡವೆಂದ. ಅವಳು ಎತ್ತಿಗೆ ಹುಲ್ಲು ಹಾಕಿ ಹೊರಟಳು.

ಮೊದಲು ನಡಿಗೆಯ ಸುತ್ತು. ಎತ್ತಿನ ಹಿಂದೆ ಗಾಣ ಸುತ್ತಿ ಬೆಳೆದವಳು ವೇದಿಕೆಯ ಮೇಲೂ ದುಂಡಗೆ ಸುತ್ತಿದಳು. ಜನ ಬಿದ್ದು ಬಿದ್ದು ನಕ್ಕರು. ಎಂಥ ನಡಿಗೆ ಎಂದ ಮರುಳಾಕ್ಷ.

"ಎಲ್ಲಿಯ ನಡಿಗೆ ಬುದ್ಧಿ, ಹಿಮ್ಮಡಿಯೆಲ್ಲ ಒಡೆದಿದೆ."

ಹಿಮ್ಮಡಿಯೇ ಹೋಯಿತು. ಎರಡು ಹಳದಿ ಕೋಳಿಕಾಲು ಬಂದವು.

ಎರಡನೆಯದು ನಗೆಯ ಸುತ್ತು. ಚೆನ್ನಾಜಿ ಕೋಳಿಕಾಲಿನಲ್ಲೇ ನಡೆದು ಬಂದಳು. ಸಾವಿರ ಜನ ನೋಡಿದರು. ಅವಳೇನೂ ಸಾಯಲಿಲ್ಲ. ಇಷ್ಟೇನಾ ಅನ್ನಿಸಿ ನಗು ಬಂತು. ಮುತ್ತಿನಂಥ ನಗು ಎಂದ ಮಾಂತ್ರಿಕ. ಒಂದು ಹಲ್ಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದಳು. ಒಂದು ಕಾಲು ಸರಿಹೋಯಿತು.

ಮೂರನೆಯ ಸುತ್ತಿಗೆ ಅವಳು ಸುಮ್ಮನೆ ನಿಂತಳು, ತಲೆ ಎತ್ತಿ. ಮರುಳಾಕ್ಷ ಗಂಟಲು ಸರಿಮಾಡಿಕೊಂಡ.

"ನಿನ್ನಂಥ ಚೆಲುವೆಯನ್ನು ಈ ನಾಡು ಕಂಡಿಲ್ಲ."

"ಹೌದು," ಎಂದಳು ಚೆನ್ನಾಜಿ.

ಇಂಥ ಒರಟು ಮಾತನ್ನು ಬೆಳ್ಳಿಹೊಳೆ ಹಿಂದೆ ಕೇಳಿರಲಿಲ್ಲ. ಒಬ್ಬ ಅಜ್ಜಿಯ ಕೈಯಿಂದ ಎಲೆಅಡಿಕೆ ಚೀಲ ಬಿತ್ತು. ಇನ್ನೊಂದು ಕಾಲೂ ಸರಿಹೋಯಿತು.

ಮಾಂತ್ರಿಕ ವೇದಿಕೆ ಹತ್ತಿ ಬಂದು ಕಿರೀಟ ಕೊಟ್ಟ. ಗೂಡಿನ ಬೀಗದ ಕೈ ಕೊಡಲಿಲ್ಲ. ಚೆನ್ನಾಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವೂ ಏನು ಕಡಿಮೆ ಬುದ್ಧಿ, ಒಳ್ಳೇ ಮದುವೆ ಗಂಡಿನ ಹಾಗಿದ್ದೀರಿ."

"ಅಯ್ಯೋ, ಎಲ್ಲಿಯ ಗಂಡು ತಾಯಿ. ಮಂಡಿ ಹಿಡಿದಿದೆ, ಹೊಟ್ಟೆ ಬಂದಿದೆ, ಮೀಸೆಗೆ ಮಸಿ..."

ಅಲ್ಲಿಗೆ ಮೂರಾಯಿತು. ವೇದಿಕೆಯ ಮೇಲೊಂದು ಹುಂಜ ನಿಂತಿತ್ತು.

ಗೂಡು ತಾನೇ ತೆರೆಯಿತು. ಹೆಂಗಸರೆಲ್ಲ ಪುಕ್ಕ ಕೊಡವಿಕೊಂಡು ಬಂದರು. ಮೂರು ವರ್ಷ ಇಟ್ಟ ಮೊಟ್ಟೆಗಳೆಲ್ಲ ಎಲ್ಲಿ ಹೋದವು ಎಂದು ರಾಣಿ ಕೇಳಿದಳು. ರಾಜ ಆಕಾಶ ನೋಡಿದ.

ಮರುವರ್ಷವೂ ಸ್ಪರ್ಧೆ ನಡೆಯಿತು, ಮಾಟವಿಲ್ಲದೆ. ಚೆನ್ನಾಜಿ ನಾಲ್ಕನೆಯವಳಾದಳು. ಬೇಜಾರಾಯಿತೇ ಎಂದು ಪುಟ್ಟಾಜಿ ಕೇಳಿದಳು.

"ಇಲ್ಲಕ್ಕ. ಮೂರು ಜನ ಚೆನ್ನಾಗಿದ್ದರು. ನಾನೂ ಚೆನ್ನಾಗಿದ್ದೆ."

ಇಬ್ಬರೂ ಮನೆಗೆ ಹೋಗಿ ಗಾಣ ಕಟ್ಟಿದರು. ಆ ನಾಡಿನಲ್ಲಿ ಎಲ್ಲರೂ ಸುಖವಾಗಿದ್ದರು, ಹುಂಜ ಒಂದನ್ನು ಬಿಟ್ಟು.